ಉಪ್ಪು, ಪೊರಕೆ, ನಮ್ಮ ಭಾವನ ಬಾಗಿಲು

ಹೊಳೆನರಸೀಪುರದಲ್ಲಿ ನಾಳೆ ಬೆಳಗ್ಗೆ ಮೊಣಕಾಲುದ್ದ ಹಿಮ ಬಿದ್ದರೆ, ಇಡೀ ಊರಿನಲ್ಲಿ ಸಲೀಸಾಗಿ ಬಾಗಿಲು ತೆಗೆದು ಹೊರಗೆ ಬರಬಲ್ಲ ಮನುಷ್ಯ ಒಬ್ಬರೇ ಒಬ್ಬರು. ಅವರು ನಮ್ಮ ಭಾವ!

ನಗಬೇಡಿ. ಹೊಳೆನರಸೀಪುರದಲ್ಲಿ ಹಿಮ ಬೀಳುವುದಿಲ್ಲವೆಂದು ನನಗೂ ಗೊತ್ತು, ನಿಮಗೂ ಗೊತ್ತು, ಹೇಮಾವತಿಯ ಮೀನುಗಳಿಗೂ ಗೊತ್ತು. ಒಪ್ಪದವರು ನಮ್ಮ ಭಾವ ಮಾತ್ರ. “ಇದುವರ್ಗೂ ಬಿದ್ದಿಲ್ಲ ಅನ್ನು. ಬೀಳಲ್ಲ ಅನ್ಬ್ಯಾಡ” ಎಂದು ತಿದ್ದುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಹುಟ್ಟಿದ್ದು ಹಳೇಕೋಟೆಯ ರಾಗಿ ಬೆಳೆಯುವ ಮನೆಯಲ್ಲಿ. ಹರೆಯದಲ್ಲಿ ಮಿಲಿಟರಿಗೆ ಸೇರಿ, ಉತ್ತರದ ಗಡಿಯ ಬೆಟ್ಟಗಳಲ್ಲಿ ಹಲವು ಚಳಿಗಾಲ ಕಳೆದು, ಪಿಂಚಣಿ ಪಡೆದು ಬಂದು ಹೊಳೆನರಸೀಪುರದಲ್ಲಿ ಮನೆ ಕಟ್ಟಿಕೊಂಡರು. ಮಿಲಿಟರಿಯಿಂದ ಬರುವವರು ಟ್ರಂಕು ತರುತ್ತಾರೆ, ಕಂಬಳಿ ತರುತ್ತಾರೆ. ನಮ್ಮ ಭಾವ ಒಂದು ಚಳಿಗಾಲವನ್ನೇ ಹೊತ್ತುಕೊಂಡು ಬಂದು ಮುಂಬಾಗಿಲಲ್ಲಿ ಇಳಿಸಿದರು!

ಆ ಬಾಗಿಲಿಗೆ ನಾನೊಂದು ಅನ್ಯಾಯ ಮಾಡಿದ್ದೇನೆ. ಅದನ್ನು ಹೇಳಿಕೊಳ್ಳುವುದಕ್ಕೇ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದು. ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಆಮೇಲೆ ಬದುಕೆಲ್ಲ ಹಿಟ್ಟಿನ ಗಿರಣಿ ನಡೆಸಿದವನು ನಾನು. ಬರೆಯುವ ಅಭ್ಯಾಸವಿಲ್ಲ. ತಪ್ಪೊಪ್ಪಿಗೆಯನ್ನು ನೇರವಾಗಿ ಹೇಳಿಬಿಡುವ ಧೈರ್ಯವೂ ಇಲ್ಲ. ಆದ್ದರಿಂದ ಮೊದಲು ಒಂದಿಷ್ಟು ನಕ್ಕುಬಿಡೋಣ.

ಬಾಗಿಲ ಮುಂದೆ ಮೂರು ಕಲ್ಲಿನ ಮೆಟ್ಟಿಲು. ಹತ್ತಿದರೆ ಪುಟ್ಟ ಜಗುಲಿ. ಅಲ್ಲೊಂದು ಬೆಂಚು. ಹಾಯಾಗಿ ಕೂತು ಹರಟೋಣವೆಂದುಕೊಂಡಿರಾ? ಕೆಟ್ಟಿರಿ! ಅದು ಚಪ್ಪಲಿ ಬಿಚ್ಚುವುದಕ್ಕೆ ಇರುವ ಬೆಂಚು, ಚಪ್ಪಲಿ ಬಿಚ್ಚಿದ ಮೇಲೂ ಕೂತಿದ್ದರೆ “ಮುಂದಿನೋರಿಗೆ ಜಾಗ!” ಎಂದು ಎಬ್ಬಿಸುತ್ತಾರೆ. ಬೆಂಚು ದಾಟಿದರೆ ತೆಂಗಿನ ನಾರಿನ ಮ್ಯಾಟು. ಎರಡು ಹೆಜ್ಜೆ ಮುಂದೆ ಗೋಣಿಚೀಲದ ಮ್ಯಾಟು. ಮೊದಲನೆಯದು ಉದುರಿಸುವುದಕ್ಕೆ, ಎರಡನೆಯದು ಒರೆಸುವುದಕ್ಕೆ. ಅದಲು ಬದಲು ಮಾಡಿದರೆ ಮತ್ತೆ ಕೆಳಗಿಳಿದು ಮೊದಲಿನಿಂದ ಬರಬೇಕು. ಒಮ್ಮೆ ಗ್ಯಾಸ್ ಸಿಲಿಂಡರ್ ತಂದವನು ಹೆಗಲ ಮೇಲೆ ಸಿಲಿಂಡರ್ ಹೊತ್ತುಕೊಂಡೇ ಮೂರು ಸಲ ಮೆಟ್ಟಿಲು ಹತ್ತಿಳಿದ. “ಸಾ, ನಂಗೂ ಪಿಂಚಣಿ ಕೊಡುಸ್ತೀರಾ?” ಎಂದು ಕೇಳಿ ಹೋದನಂತೆ.

ಬೆಂಚಿನ ಪಕ್ಕ ಒಂದು ಮರದ ಸಲಿಕೆ ಒರಗಿದೆ. ಹಿಮ ತಳ್ಳುವ ಸಲಿಕೆ! ಅದನ್ನು ಮಾಡಿಸಲು ಭಾವ ನನ್ನನ್ನೂ ಕರೆದುಕೊಂಡು ಅರಕಲಗೂಡಿನ ಬಡಗಿಯೊಬ್ಬನ ಬಳಿ ಹೋಗಿದ್ದರು. ಇಷ್ಟು ಅಗಲ, ಇಷ್ಟು ಬಾಗು ಎಂದು ಕೈಯಲ್ಲಿ ಗಾಳಿಗೆ ಗೆರೆ ಎಳೆದು ತೋರಿಸಿದರು. ಬಡಗಿ ತಲೆ ಕೆರೆದುಕೊಂಡ.

“ರಾಗಿ ಅರವೋಕಾ ಸಾ?”

“ಅಲ್ಲ.”

“ಭತ್ತ ಗುಡ್ಡೆ ಆಕೋಕಾ?”

“ಅಲ್ಲ ಕಣಯ್ಯ. ಹಿಮ ತಳ್ಳೋಕೆ.”

ಬಡಗಿ ಅವರನ್ನು ಬಿಟ್ಟು ನನ್ನನ್ನು ನೋಡಿದ. ಬಹಳ ಕನಿಕರದ ನೋಟ. ತಿಂಗಳು ಬಿಟ್ಟು ಸಲಿಕೆ ತರಲು ಹೋದಾಗ ನನ್ನನ್ನು ಪಕ್ಕಕ್ಕೆ ಕರೆದು, “ಯಜಮಾನ್ರು ಈಗ ಎಂಗವ್ರೆ?” ಎಂದು ಕೇಳಿದ! ಸಲಿಕೆಯೇನೋ ಚೆನ್ನಾಗಿ ಬಂತು. ಇಂದಿನವರೆಗೂ ಹಿಮ ಕಾಣದ ಆ ಸಲಿಕೆ, ಸುಗ್ಗಿಯಲ್ಲಿ ಬೀದಿಯವರೆಲ್ಲರ ರಾಗಿಯನ್ನು ತಾರಸಿಯ ಮೇಲೆ ಹರವಿ ಹೊಟ್ಟೆ ಹೊರೆಯುತ್ತಿದೆ.

ಇನ್ನು ಪೊರಕೆಯ ವಿಷಯ. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಗಿರಣಿಯವನ ಮೈ ಹೇಗಿರುತ್ತದೆ ಹೇಳಿ? ಸಂಜೆಯ ಹೊತ್ತಿಗೆ ತಲೆ, ಹುಬ್ಬು, ರೆಪ್ಪೆ, ಹೆಗಲು ಎಲ್ಲ ಬಿಳಿ. ಹಿಮದಲ್ಲಿ ನಡೆದು ಬಂದ ಮನುಷ್ಯನನ್ನು ಹೋಲುವವನು ನಮ್ಮ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಾನೇ! ಗಿರಣಿ ಮುಚ್ಚಿ ಅಕ್ಕನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದು ಹೋಗುವುದು ನನ್ನ ವಾಡಿಕೆ. ನಾನು ಮೆಟ್ಟಿಲಿಗೆ ಕಾಲಿಟ್ಟರೆ ಸಾಕು, ಭಾವನ ಕಣ್ಣು ಹೊಳೆಯುತ್ತಿತ್ತು. ಗೋಡೆಯ ಮೊಳೆಯಿಂದ, ಹಿಡಿ ಕತ್ತರಿಸಿದ ಒಂದು ಮೋಟು ಪೊರಕೆ ಇಳಿಯುತ್ತಿತ್ತು.

“ನಿಂತ್ಕಳ್ಲಾ ಅಲ್ಲೇ! ಪೀಛೇ ಮುಡ್!”

ಹಿಂದಿಯಲ್ಲಿ ‘ಹಿಂದಕ್ಕೆ ತಿರುಗು’ ಎಂದು ಆಜ್ಞೆ. ನಾನು ಬೀದಿಗೆ ಮುಖ ಮಾಡಿ ನಿಲ್ಲಬೇಕು. ಅವರು ನನ್ನ ಕತ್ತಿನಿಂದ ಸೊಂಟದವರೆಗೆ ಪೊರಕೆಯಿಂದ ಗುಡಿಸುವರು. ಎಡ ಹೆಗಲು, ಬಲ ಹೆಗಲು, ನಡುಬೆನ್ನು. ಹಿಟ್ಟು ಮೋಡದಂತೆ ಏಳುವುದು. ಬೀದಿಯಲ್ಲಿ ಹೋಗುವವರಿಗೆ ಏನು ಕಾಣುತ್ತದೆ ಹೇಳಿ? ಭಾಮೈದನಿಗೆ ಭಾವ ಪೊರಕೆಯಲ್ಲಿ ಬಾರಿಸುತ್ತಿರುವುದು! ನಮ್ಮ ಕಡೆ ಗಂಡಸಿನ ಮೈಗೆ ಪೊರಕೆ ತಗುಲಿದರೆ ಅದಕ್ಕಿಂತ ಅವಮಾನ ಇನ್ನೇನಿದೆ?

“ಭಾವ, ಪೊರಕೆ ಬ್ಯಾಡಿ. ನಾನೇ ಟವಲ್ಲಲ್ಲಿ ಒದರ್ಕೊತೀನಿ” ಎಂದು ಎಷ್ಟು ಸಲ ಬೇಡಿಕೊಂಡೆನೋ!

“ಇದು ಪೊರಕೆ ಅಲ್ಲ ಕಣ್ಲಾ. ನೆಲ ಮುಟ್ಟಿದ್ರೆ ಪೊರಕೆ, ಮುಟ್ದೇ ಇದ್ರೆ ಬ್ರಷ್ಷು. ಇದು ತಂದಾಗ್ಲಿಂದ ನೆಲ ಮುಟ್ಟಿಲ್ಲ. ಅಲ್ಲಾಡ್ಬ್ಯಾಡ.”

ಈ ಕಾನೂನನ್ನು ಬೀದಿಯವರಿಗೆ ಹೇಳುವವರು ಯಾರು? ನಾನಂತೂ ಕಾಫಿಗೆ ಹೋಗುವ ಮುಂಚೆ ಬೀದಿಯ ಎರಡೂ ತುದಿ ನೋಡಿ, ಯಾರೂ ಇಲ್ಲದ ಹೊತ್ತು ಕಾದು, ಕಳ್ಳನ ಹಾಗೆ ಓಡಿ ಮೆಟ್ಟಿಲು ಹತ್ತುತ್ತಿದ್ದೆ. ಒಂದು ಲೋಟ ಕಾಫಿಗೆ ಅಷ್ಟು ಎದೆಬಡಿತ!

ಉಪ್ಪಿನದು ಇದಕ್ಕಿಂತ ದೊಡ್ಡ ಕಥೆ. ದೀಪಾವಳಿ ಕಳೆದು ಇಬ್ಬನಿ ಇಳಿಯಲು ಶುರುವಾದರೆ, ಭಾವ ಸಂಜೆ ದೀಪ ಹಚ್ಚುವ ಮೊದಲು ಡಬ್ಬ ತೆಗೆದು ಮೂರೂ ಮೆಟ್ಟಿಲ ಮೇಲೆ ಕಲ್ಲುಪ್ಪು ಚೆಲ್ಲುವರು. ಹಿಮದ ನಾಡಿನಲ್ಲಿ ಹಾಗೆ ಮಾಡಿದರೆ ಮೆಟ್ಟಿಲ ಮೇಲೆ ನೀರು ಗಟ್ಟಿಯಾಗುವುದಿಲ್ಲವಂತೆ, ಯಾರೂ ಜಾರುವುದಿಲ್ಲವಂತೆ. ಸರಿ, ಅಲ್ಲಿಗೆ ಸರಿ. ಇಲ್ಲಿ? ನಮ್ಮ ಊರಿನಲ್ಲಿ ಉಪ್ಪು ಲಕ್ಷ್ಮಿ. ಚೆಲ್ಲುವ ಹಾಗಿಲ್ಲ, ತುಳಿಯುವ ಹಾಗಿಲ್ಲ. ಆಣೆ ಮಾಡುವಾಗ ಮುಟ್ಟುವ ವಸ್ತು. ಅದನ್ನು ಹೊಸ್ತಿಲ ಮುಂದೆ ಚೆಲ್ಲಿ, ಬರುವವರೆಲ್ಲ ತುಳಿಯಲಿ ಎನ್ನುವುದೇ!

“ಇಬ್ಬನಿ ಗಟ್ಟಿಯಾಗಿ ನಿಮ್ಮಕ್ಕ ಜಾರಿ ಬಿದ್ರೆ ಯಾರ್ಲಾ ಜವಾಬು?” ಎಂಬುದು ಅವರ ವಾದ.

ಒಂದು ಬೆಳಗ್ಗೆ ನಾನು ಮೆಟ್ಟಿಲನ್ನು ಮುಟ್ಟಿ ತೋರಿಸಿದೆ. ಉಪ್ಪು ತೇವ ಎಳೆದುಕೊಂಡು ಕಲ್ಲೆಲ್ಲ ಒದ್ದೆ ಮುದ್ದೆ. “ನೋಡಿ ಭಾವ, ಉಪ್ಪಾಕಿದ್ದಕ್ಕೇ ಇನ್ನೂ ನೀರಾಗೈತೆ.”

“ಅದೇ ಮತ್ತೆ! ಗಟ್ಟಿಯಾಗಿಲ್ಲ ತಾನೆ? ಉಪ್ಪಿಲ್ದಿದ್ರೆ ಆಗೋಗಿರೋದು!”

ಇಂಥವರ ಜೊತೆ ವಾದ ಮಾಡಿ ಗೆಲ್ಲುವ ವಕೀಲ ಹಾಸನದಲ್ಲಾದರೂ ಸಿಗುವನೇ?

ಉಪ್ಪಿನ ರುಚಿಯನ್ನು ಮೊದಲು ಕಂಡುಹಿಡಿದದ್ದು ಬೀದಿಯ ಹಸುಗಳು. ಬೆಳಕು ಹರಿಯುವ ಮೊದಲೇ ಮಂಜಿನೊಳಗಿಂದ ಒಂದೊಂದಾಗಿ ಬಂದು, ಸಾಲಾಗಿ ನಿಂತು ಮೆಟ್ಟಿಲು ನೆಕ್ಕುತ್ತಿದ್ದವು. ನೆಕ್ಕಿ ಸುಮ್ಮನೆ ಹೋಗುತ್ತವೆಯೇ? ಕೃತಜ್ಞತೆಗೆ ಏನು ಬಿಡಬೇಕೋ ಅದನ್ನು ಬಾಗಿಲಲ್ಲೇ ಬಿಟ್ಟು ಹೋಗುತ್ತಿದ್ದವು. ಚೊಕ್ಕಟದ ಬಾಗಿಲಿಗೆ ಬಂದ ಗತಿ ನೋಡಿ! ಭಾವ ಮಂಕಾದರು. ಅಕ್ಕ ಮಾತ್ರ ಬಕೆಟ್ ಹಿಡಿದು ಹೊರಗೆ ಬಂದು ಮುಖ ಅರಳಿಸಿದಳು. “ಬಾಗ್ಲು ಸಾರ್ಸೋಕೆ ಸಗಣಿ ಇಲ್ಲ, ಸಗಣಿ ಇಲ್ಲ ಅಂತಿದ್ದೆ. ತಕಳಪ್ಪ, ಮನೆ ಬಾಗ್ಲಿಗೇ ಬಂತು!” ಆ ವರ್ಷವೆಲ್ಲ ಅವಳ ರಂಗೋಲಿ ಬೀದಿಗೇ ಮೊದಲು ಏಳುತ್ತಿತ್ತು.

ಅಕ್ಕನ ಬಗ್ಗೆಯೂ ಹೇಳಬೇಕು. ಅವರಿಗೆ ಮಕ್ಕಳಿಲ್ಲ. ಆದರೆ ಅಕ್ಕನಿಗೆ ಬೀದಿಯ ಹೆಂಗಸರೆಲ್ಲ ಬೇಕು. ಯಾರಾದರೂ ಬಾಗಿಲಿಗೆ ಬಂದರೆ ಕುಂಕುಮ ಕೊಡದೆ, ಒಂದು ಹಣ್ಣಾದರೂ ಕೊಡದೆ ಕಳಿಸಿದವಳಲ್ಲ. ಗಂಡ ಮ್ಯಾಟಿನ ಮೇಲೆ ನಿಲ್ಲಿಸಿ ಕಾಲು ಒರೆಸಿಸುವುದು, ಹೆಂಡತಿ ಕೈಹಿಡಿದು ಒಳಗೆ ಕರೆಯುವುದು. ಆ ಬಾಗಿಲು ನಡೆಯುತ್ತಿದ್ದದ್ದೇ ಹಾಗೆ.

ಈಗ ತಪ್ಪೊಪ್ಪಿಗೆಯ ಭಾಗಕ್ಕೆ ಬಂದೆ.

ನಾಲ್ಕು ವರ್ಷದ ಹಿಂದೆ ನನ್ನ ಮಗಳನ್ನು ನೋಡಲು ಚನ್ನರಾಯಪಟ್ಟಣದಿಂದ ಗಂಡಿನ ಕಡೆಯವರು ಬಂದರು. ಧನುರ್ಮಾಸ ಹಿಡಿಯುವ ಮೊದಲು ಮಾತು ಮುಗಿಯಲಿ ಎಂಬ ಅವಸರ. ನಮ್ಮ ಮನೆ ಚಿಕ್ಕದು, ಹಾಗಾಗಿ ಹೆಣ್ಣು ತೋರಿಸುವುದು ಅಕ್ಕನ ಮನೆಯಲ್ಲಿ ಎಂದಾಯಿತು. ನಾನು ಬೇಗ ಗಿರಣಿ ಮುಚ್ಚಿ, ಸ್ನಾನ ಮಾಡಿ, ಪಂಚೆ ಉಟ್ಟು ಕಾಯಬೇಕೆಂದಿದ್ದೆ. ಆದರೆ ಅವರು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದುಬಿಟ್ಟರು! ಸುದ್ದಿ ಕೇಳಿ ಗಿರಣಿಯಿಂದ ಹಾಗೇ ಓಡಿದೆ. ಮೆಟ್ಟಿಲು ಹತ್ತಿದಾಗ ಬಾಗಿಲು ಹಾರು ಹೊಡೆದಿತ್ತು. ಒಳಗೆ ಸಾಲಾಗಿ ಕೂತ ಬೀಗರು ನನ್ನನ್ನೇ ನೋಡುತ್ತಿದ್ದರು. ನಾನು ಕೈ ಮುಗಿದೆ.

“ಪೀಛೇ ಮುಡ್!”

“ಭಾವ, ಇವತ್ತೊಂದಿನ…” ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದೆ.

“ಇವತ್ತು ಇನ್ನೂ ಚೆನ್ನಾಗಿ ಗುಡಿಸ್ಬೇಕು. ತಿರುಗ್ಲಾ!”

ತಿರುಗಿದೆ. ಬೀಗರ ಎದುರು, ನನ್ನ ಮಗಳ ಎದುರು, ಪೊರಕೆ ನನ್ನ ಬೆನ್ನ ಮೇಲೆ ಪಟಪಟನೆ ಆಡಿತು. ಗಂಡಿನ ತಂದೆ ಕಾಫಿ ಲೋಟ ಅರ್ಧಕ್ಕೇ ನಿಲ್ಲಿಸಿ, “ಇದು ನಿಮ್ಮ ಕಡೆ ಶಾಸ್ತ್ರವಾ ಸಾ? ಗಂಡಿನ ತಂದೆಗೂ ಉಂಟಾ?” ಎಂದು ಗಾಬರಿಯಲ್ಲಿ ಕೇಳಿದರು.

“ಇಲ್ಲ ಸಾ. ಇದು ಒಳಗಿನೋರಿಗೆ ಮಾತ್ರ. ನೀವಿನ್ನೂ ಕಾಲು ಒರೆಸ್ಕೊಂಡ್ರೆ ಸಾಕು” ಎಂದರು ಭಾವ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಂಬಂಧವೂ ಕುದುರಿತು. ಆದರೆ ನನಗೆ ನಗು ಬರಲಿಲ್ಲ. ಆ ರಾತ್ರಿ ನನ್ನ ಹೆಂಡತಿ, “ಪೊರಕೆ ಸೇವೆ ಚೆನ್ನಾಗಾಯ್ತಲ್ಲ?” ಎಂದು ಅಣಕಿಸಿದಳು. ಮಾರನೆಯ ದಿನ ಗಿರಣಿಗೆ ಬಂದವರೆಲ್ಲ, “ಅಣ್ಣ, ಬೆನ್ನು ಎಂಗೈತೆ?” ಎಂದು ಕೇಳಿದರು. ನನ್ನ ಹೊಟ್ಟೆಯಲ್ಲಿ ಒಂದು ಕೆಂಡ ಉಳಿದುಕೊಂಡಿತು.

ಧನುರ್ಮಾಸದ ಒಂದು ಬೆಳಗ್ಗೆ ಗಿರಣಿ ತುಂಬ ಜನ. ಮೋಟಾರು, ಪಟ್ಟಿ, ಕಲ್ಲು ಎಲ್ಲ ಸೇರಿ ಗುರ್ರೆನ್ನುವಾಗ ಅಲ್ಲಿ ಕೂಗದೆ ಮಾತಿಲ್ಲ. ಅಕ್ಕನ ಎದುರು ಮನೆಯ ಜಯಮ್ಮ ರಾಗಿ ತಂದಿದ್ದಳು. ನನ್ನ ಕಿವಿಯ ಹತ್ತಿರ ಬಂದು ಕೂಗಿದಳು: “ಅಣ್ಣ, ನಿಮ್ಮ ಭಾವ್ನೋರು ದಿನಾ ಹೊತ್ತು ಮುಳುಗೋ ಹೊತ್ಗೆ ಹೊಸ್ಲ ಮುಂದೆ ಉಪ್ಪು ಚೆಲ್ತಾರಲ್ಲ, ಏನದು? ನಂಗ್ಯಾಕೋ ಭಯ ಆಯ್ತದೆ.”

ಹಿಮದ ಕಥೆಯನ್ನು ಕೇಳಿದವರಿಗೆಲ್ಲ ನೂರು ಸಲ ಹೇಳಿದ್ದೆ. ನೂರಾ ಒಂದನೇ ಸಲ ಹೇಳಿದ್ದರೆ ನನ್ನ ಗಂಟು ಏನು ಹೋಗುತ್ತಿತ್ತು? ಆದರೆ ಹೊಟ್ಟೆಯಲ್ಲಿ ಕೆಂಡವಿತ್ತಲ್ಲ! ಗಂಟಲೆತ್ತಿ ಕೂಗಿದೆ:

“ಇನ್ನೇನ್ ಜಯಮ್ಮ! ಮಾಟ! ನಮ್ಮ ಭಾವ ಮಾಟ ಮಾಡುಸ್ತಾವ್ರೆ!”

‘ನಮ್ಮ ಭಾವ’ ಎನ್ನುವಷ್ಟರಲ್ಲಿ ಕರೆಂಟು ಹೋಯಿತು. ಮೋಟಾರು ನಿಂತಿತು. ‘ಮಾಟ ಮಾಡುಸ್ತಾವ್ರೆ’ ಎಂಬ ನನ್ನ ಗಂಟಲು ಮಾತ್ರ ಆ ನಿಶ್ಶಬ್ದದಲ್ಲಿ ದೇವಸ್ಥಾನದ ಗಂಟೆಯಂತೆ ಮೊಳಗಿತು. ಹಿಟ್ಟಿಗೆ ಬಂದ ಹತ್ತು ಹದಿನೈದು ಜನ ನನ್ನನ್ನೇ ನೋಡಿದರು. ‘ತಮಾಷೆ’ ಎಂಬ ಒಂದು ಮಾತು ಸೇರಿಸಿದ್ದರೆ ಮುಗಿದಿತ್ತು. ಸೇರಿಸಲಿಲ್ಲ. ಎಲ್ಲರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದದ್ದು ನನಗೆ ಹಿತವಾಗಿತ್ತು ಎಂದರೆ ನಂಬುತ್ತೀರಾ? ಅಷ್ಟು ಸಣ್ಣ ಮನುಷ್ಯ ನಾನು.

ಕರೆಂಟು ಬಂತು. ಜನ ಕರಗಿದರು. ಆಮೇಲೆ ಬಾಗಿಲ ಹತ್ತಿರ ನೋಡಿದೆ: ವಾರಸುದಾರರಿಲ್ಲದ ಒಂದು ರಾಗಿ ಚೀಲ ನಿಂತಿದೆ. ಹಸಿರು ಕ್ಯಾನ್ವಾಸಿನ ಮಿಲಿಟರಿ ಚೀಲ. ಬಾಯಿಗೆ ಬಿಗಿದ ಗಂಟು ಕೂಡ ಮಿಲಿಟರಿಯದೇ. ಹಾಸನ ಜಿಲ್ಲೆಯಲ್ಲಿ ಹಾಗೆ ಗಂಟು ಹಾಕುವವರು ನನಗೆ ಗೊತ್ತಿರುವ ಹಾಗೆ ಒಬ್ಬರೇ!

ಅವರು ಬಂದದ್ದು ಕರೆಂಟು ಹೋಗುವ ಮೊದಲೋ, ಆಮೇಲೋ? ಮೊದಲೇ ಬಂದು ಚೀಲ ಇಟ್ಟು ಹೋಗಿದ್ದರೆ ಕೇಳಿಸಿಲ್ಲ. ಆಗಲೇ ಬಂದಿದ್ದರೆ ಪ್ರತಿ ಅಕ್ಷರವೂ ಕೇಳಿಸಿದೆ. ಆದರೆ ಬಂದವರು ಒಂದು ಮಾತಾಡದೆ ಏಕೆ ಹೋದರು? ಗಲಾಟೆಯಲ್ಲಿ ನಿಲ್ಲುವುದೇಕೆ ಎಂದು ಹೋದರೋ? ಅಥವಾ ನಿಲ್ಲಲಾರದೆ ಹೋದರೋ? ರಾಗಿ ಬೀಸುತ್ತಾ ಬೀಸುತ್ತಾ ಇದೇ ಯೋಚನೆ. ಎಷ್ಟು ನುಣ್ಣಗೆ ಬೀಸಿದೆನೆಂದರೆ, ಅಂಥ ಹಿಟ್ಟನ್ನು ನನ್ನ ಗಿರಣಿ ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ!

ಸಂಜೆ ಚೀಲ ಹೊತ್ತು ಹೋದೆ. ಭಾವ ಬಾಗಿಲಲ್ಲೇ ಇದ್ದರು. ನಾನು ಹೇಳಿಸಿಕೊಳ್ಳದೆ ಬೀದಿಗೆ ಮುಖ ಮಾಡಿ, ಬೆನ್ನು ಕೊಟ್ಟು ನಿಂತೆ. ಜನ ಓಡಾಡುತ್ತಿದ್ದರೂ ನಿಂತೆ. ಪೊರಕೆ ಬೀಳಲಿ, ಬಿದ್ದರೆ ಎಲ್ಲ ಸರಿಯಿದೆ ಎಂದು ಅರ್ಥ.

ಪೊರಕೆ ಬೀಳಲಿಲ್ಲ.

“ಬಾ ಒಳಕ್ಕೆ” ಎಂದರು. ಅಷ್ಟೇ.

“ಭಾವ, ಹಿಟ್ಟು…”

“ಇರ್ಲಿ, ಬಾ.”

ಒಳಗೆ ಹೋದೆ. ಅಕ್ಕನ ಕೆಂಪು ನೆಲದ ಮೇಲೆ ನನ್ನ ಬಿಳಿ ಹೆಜ್ಜೆಗಳು ಅಡುಗೆಮನೆಯವರೆಗೂ ಮೂಡಿದವು. ಅಷ್ಟು ವರ್ಷಗಳಲ್ಲಿ ಮೊದಲ ಸಲ! ಆ ದಿನದ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಮಾರನೆಯ ದಿನವೂ ಪೊರಕೆ ಮೊಳೆಯಲ್ಲೇ ಇತ್ತು. ಅದರಾಚೆ ದಿನವೂ. ಪೊರಕೆ ಬೇಡವೆಂದು ವರ್ಷಗಟ್ಟಲೆ ದೇವರಲ್ಲಿ ಬೇಡಿದವನು, ಈಗ ಪೊರಕೆಯನ್ನೇ ನೋಡುತ್ತಾ ಮ್ಯಾಟಿನ ಮೇಲೆ ಸುಮ್ಮನೆ ನಿಲ್ಲುತ್ತಿದ್ದೆ. ಕೇಳಿಬಿಡಲೇ? ಕೇಳಿದರೆ, ‘ಏನು ಕೇಳಿಸಬೇಕಾಗಿತ್ತು?’ ಎಂದು ತಿರುಗಿ ಕೇಳಿದರೆ? ಸುಮ್ಮನಿದ್ದೆ.

ನನ್ನ ಮಾತು ಮಾತ್ರ ಸುಮ್ಮನಿರಲಿಲ್ಲ. ಹಿಟ್ಟಿನ ಚೀಲಗಳ ಜೊತೆ ಮನೆ ಮನೆಗೆ ಹೋಯಿತು. ಖುದ್ದು ಭಾಮೈದನೇ ಹೇಳಿದ್ದಾನೆ ಎಂದ ಮೇಲೆ ಅನುಮಾನ ಏಕೆ? ಹಾಲಿನವಳು ಮೆಟ್ಟಿಲು ಹತ್ತದೆ ಬೀದಿಯಿಂದಲೇ ಕೂಗಿ ಪಾತ್ರೆ ತರಿಸಿಕೊಳ್ಳತೊಡಗಿದಳು. ಹೂವಿನವಳು ಬುಟ್ಟಿಯನ್ನು ಎದುರು ಜಗುಲಿಗೆ ಬದಲಾಯಿಸಿದಳು. ಅಕ್ಕ, “ಚಳಿ ಕಣಪ್ಪ, ಯಾರೂ ಆಚೆಗೆ ಬರಂಗಿಲ್ಲ” ಎಂದುಕೊಂಡಳು. ನಾನು ತಲೆಯಾಡಿಸಿದೆ.

ಸಂಕ್ರಾಂತಿ ಬಂತು.

ಅಕ್ಕನ ಎಳ್ಳುಬೆಲ್ಲ ಎಂದರೆ ಬೀದಿಗೇ ಹೆಸರು. ಕೊಬ್ಬರಿಯನ್ನೂ ಬೆಲ್ಲವನ್ನೂ ಒಂದೇ ಅಳತೆಗೆ ಹೆಚ್ಚಿ, ಸಕ್ಕರೆ ಅಚ್ಚು ಎರೆದು, ತಟ್ಟೆಗಳನ್ನು ಜೋಡಿಸಿ ಇಟ್ಟಿದ್ದಳು. ಬೀದಿಯ ಹೆಣ್ಣುಮಕ್ಕಳು ಎಳ್ಳು ಬೀರಲು ಮೊದಲು ಹತ್ತುವುದೇ ಆ ಮೆಟ್ಟಿಲು. ಆ ದಿನ ಭಾವ ಬಾಗಿಲನ್ನು ಕನ್ನಡಿಯಂತೆ ತೊಳೆದಿದ್ದರು. ನಾನು ಹೋದಾಗ ಅಕ್ಕ ರೇಷ್ಮೆ ಸೀರೆ ಉಟ್ಟು, ಚಪ್ಪಲಿ ಬಿಚ್ಚುವ ಆ ಬೆಂಚಿನ ಮೇಲೆ ಕೂತಿದ್ದಳು. ಭಾವ ಅವಳನ್ನು ಎಬ್ಬಿಸಿರಲಿಲ್ಲ.

ಹೊಸ ಬಟ್ಟೆಯ ಹುಡುಗಿಯರು ತಟ್ಟೆ ಹಿಡಿದು ಬೀದಿಯಲ್ಲಿ ಬಂದರು. ಆ ಮನೆ, ಈ ಮನೆ, ಜಯಮ್ಮನ ಮನೆ. ಅಕ್ಕನ ಬಾಗಿಲು ಬಂದಾಗ ಬೀದಿಯ ಆಚೆ ಬದಿಗೆ ಸರಿದು ಹೋದರು. ಅಕ್ಕ ಎದ್ದು ನಿಂತವಳು ಮತ್ತೆ ಕೂತಳು. ಇನ್ನೊಂದು ಗುಂಪು ಬಂತು. ಮತ್ತೆ ಎದ್ದಳು, ಮತ್ತೆ ಕೂತಳು.

“ಬಾಗ್ಲು ಇಷ್ಟು ಚೊಕ್ಕಟವಾಗೈತೆ” ಎಂದಳು ನನಗೆ. “ತುಳಿಯೋರೇ ಇಲ್ವಲ್ಲೋ.”

ಭಾವ ಒಳಗೆ ರೇಡಿಯೋ ಮುಂದೆ ಕೂತಿದ್ದರು. ರೇಡಿಯೋ ಹಾಕಿರಲಿಲ್ಲ.

ಏನಾದರೂ ಮಾತಾಡಬೇಕೆಂದು, “ಭಾವ ನಂಗೆ ಈಗ ಬೆನ್ನು ಗುಡ್ಸೋದೇ ಬುಟ್ಬುಟ್ರು ಕಣಕ್ಕ” ಎಂದೆ. ನಗಲು ಪ್ರಯತ್ನಿಸಿದೆ.

ಅಕ್ಕ ನನ್ನನ್ನೇ ನೋಡಿದಳು. “ಏನಾರ ಅಂದ್ಯೇನೋ ಅವರ್ನ? ಬ್ಯಾರೆ ಯಾರಿಗೂ ಅವರು ಬೆನ್ನು ಗುಡ್ಸಲ್ಲ ಕಣೋ. ಕಾಲು ಒರೆಸ್ಕೊಳಿ ಅಂತಾರೆ, ಅಷ್ಟೆ. ಅಲ್ಲಿ ಹಿಮದಲ್ಲಿ ಎಂಟು ಜನ ಒಂದು ಗೂಡಲ್ಲಿ ಇರೋರಂತೆ. ಬೆನ್ನ ಮ್ಯಾಲೆ ಹಿಮ ಹೊತ್ಕೊಂಡು ಒಳಗೆ ಬಂದ್ರೆ ಕರಗಿ ಬಟ್ಟೆ, ಕಂಬಳಿ ಎಲ್ಲಾ ಒದ್ದೆ. ಆ ಚಳೀಲಿ ಒದ್ದೆಯಾದೋನು ಉಳಿಯೋದು ಕಷ್ಟ. ಅವರವರ ಬೆನ್ನು ಅವರವರಿಗೆ ಎಟುಕ್ತದಾ? ಜೊತೆಗಾರನೇ ಗುಡ್ಸ್ಬೇಕು. ಒಂದ್ಸಲ ಇವರು ಸುಸ್ತಾಗಿ, ಒಬ್ಬನ ಬೆನ್ನು ಗುಡ್ಸೋದು ಮರೆತ್ರಂತೆ. ಅವನಿಗೆ ಜ್ವರ ಬಂದು ಕೆಳಕ್ಕೆ ಕಳಿಸಿದ್ರಂತೆ. ಆಮೇಲೆ ಏನಾದ್ನೋ, ಇವರಿಗೆ ಗೊತ್ತೇ ಆಗ್ಲಿಲ್ಲ.”

ಒಳಗಿನೋರಿಗೆ ಮಾತ್ರ ಎಂದು ಬೀಗರ ಮುಂದೆ ಹೇಳಿದ್ದರಲ್ಲ! ನಾನು ಅದನ್ನು ಪೊರಕೆ ಏಟು ಎಂದು ಎಣಿಸಿಕೊಂಡು ಕೂತಿದ್ದೆ.

ಅಲ್ಲಿಂದ ಎದ್ದವನು ನೇರ ಎದುರು ಮನೆಗೆ ಹೋದೆ. “ಜಯಮ್ಮ, ನಾನವತ್ತು ಹೇಳಿದ್ದು ಸುಳ್ಳು. ಮಾಟವೂ ಇಲ್ಲ, ಮಣ್ಣೂ ಇಲ್ಲ. ಕೋಪದಲ್ಲಿ ಅಂದ್ಬುಟ್ಟೆ.”

ಜಯಮ್ಮ ಸೊಂಟಕ್ಕೆ ಕೈಯಿಟ್ಟಳು. “ಅವತ್ತು ಕೂಗಿದ್ದೂ ನೀನೇ, ಇವತ್ತು ಪಿಸುಗುಟ್ಟೋದೂ ನೀನೇ. ಯಾವುದ್ನಪ್ಪ ನಂಬಾನ?”

ಸರಿಯಾದ ಪ್ರಶ್ನೆ! ಸುಳ್ಳನ್ನು ಗಂಟಲು ಹರಿಯುವ ಹಾಗೆ ಕೂಗಿ, ನಿಜವನ್ನು ಕಿವಿಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ಮಾರನೆಯ ದಿನ ಬೆಳಗ್ಗೆ ಗಿರಣಿ ತುಂಬುವವರೆಗೂ ಕಾದೆ. ಜಯಮ್ಮನೂ ಬಂದಿದ್ದಳು. ಕರೆಂಟು ಹೋಗಲಿಲ್ಲ. ಅದು ಬೇಕಾದಾಗ ಹೋಗುತ್ತದೆಯೇ? ನಾನೇ ಹೋಗಿ ಮೋಟಾರು ಆರಿಸಿದೆ. ಕಲ್ಲು ನಿಂತಿತು. ಎಲ್ಲರೂ ತಿರುಗಿ ನೋಡಿದರು. ಅಂದಿನಷ್ಟೇ ಗಂಟಲೆತ್ತಿ ಹೇಳಿದೆ:

“ನಮ್ಮ ಭಾವ ಮಾಟ ಮಾಡ್ಸಲ್ಲ. ನಿಮ್ಮ ಕಾಲು ಜಾರ್ದೇ ಇರ್ಲಿ ಅಂತ ಉಪ್ಪಾಕ್ತಾರೆ. ಮಾಟ ಅಂದಿದ್ದು ನಾನು, ನನ್ನ ಸಿಟ್ಟಿಗೆ. ಯಾರಿಗೆ ಶಿಕ್ಷೆ ಆಗ್ಬೇಕೋ ಅವನು ಇಲ್ಲಿ ನಿಂತವ್ನೆ. ನಮ್ಮಕ್ಕನ ಬಾಗ್ಲು ಏನ್ ಮಾಡಿತ್ತು?”

ಹಿಂದಿನಿಂದ ಒಬ್ಬಾತ, “ಸರಿ ಅಣ್ಣ, ಮಿಲ್ ಹಾಕು, ಬಸ್ಸಿಗೆ ಹೊತ್ತಾಯ್ತು” ಎಂದ. ನನ್ನ ಬದುಕಿನ ದೊಡ್ಡ ಭಾಷಣ ಅಲ್ಲಿಗೆ ಮುಗಿಯಿತು!

ಸಂಜೆ ಅಕ್ಕನ ಮನೆಯ ಬೀದಿಗೆ ತಿರುಗಿದಾಗ, ಜಯಮ್ಮ ಸೆರಗು ಹೊದ್ದು, ಎಳ್ಳಿನ ತಟ್ಟೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ಮೆಟ್ಟಿಲ ಮೇಲೆ ಎಂದಿನಂತೆ ಉಪ್ಪು. ತುಳಿದರೆ ಪಾಪ. ತುಳಿಯದಿದ್ದರೆ ಹತ್ತುವುದು ಹೇಗೆ? ಅವಳು ಸೀರೆ ಎತ್ತಿ ಹಿಡಿದು, ಉಪ್ಪಿಲ್ಲದ ಜಾಗ ಹುಡುಕಿ, ತುದಿಗಾಲಲ್ಲಿ ಕುಂಟೆಬಿಲ್ಲೆ ಆಡುವವಳಂತೆ ಮೂರು ಮೆಟ್ಟಿಲನ್ನೂ ಹಾರಿ ಹಾರಿ ಹತ್ತಿದಳು!

“ಹಬ್ಬ ನಿನ್ನೆ ಆಗೋಯ್ತು ಅಂತ ಎಳ್ಳು ಕೆಟ್ಟೋಯ್ತದಾ ಅಕ್ಕಯ್ಯ? ತಗಳಿ” ಎಂದಳು.

ಅಕ್ಕ ಅವಳ ಕೈಹಿಡಿದು ಒಳಗೆ ಕರೆದುಕೊಂಡಳು. ಕಾಲು ಒರೆಸಿಕೊಳ್ಳಲೂ ಬಿಡಲಿಲ್ಲ.

ಜಗುಲಿಯ ಮೇಲೆ ಭಾವ, ನಾನು ಇಬ್ಬರೇ ಉಳಿದೆವು. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ.

“ಭಾವ, ಅವತ್ತು ಗಿರಣೀಲಿ…”

“ಕೇಳುಸ್ತು ಕಣ್ಲಾ” ಎಂದರು. “ಬಾಗ್ಲಲ್ಲೇ ಇದ್ದೆ. ನಿನ್ನ ನೆಲ ಗಲೀಜಾಗದೇ ಇರ್ಲಿ ಅಂತ ಕಾಲು ಒದರ್ತಿದ್ದೆ.”

“ಮತ್ತೆ ಯಾಕೆ ಒಂದು ಮಾತೂ ಕೇಳ್ಲಿಲ್ಲ? ಬಯ್ಯಬೋದಿತ್ತಲ್ಲ?”

ಅವರು ಮೊಳೆಯಲ್ಲಿದ್ದ ಪೊರಕೆಯ ಕಡೆ ನೋಡಿದರು. “ನೀನು ಬ್ಯಾಡ ಅಂದಾಗೆಲ್ಲ ತಮಾಷೆ ಅನ್ಕೊಂಡೆ, ಆ ಕೂಗು ಕೇಳಿದ್ಮೇಲೇ ಇದು ಪೊರಕೆ ಸಿಟ್ಟು ಅಂತ ಹೊಳೀತು. ನಿಂಗೆ ಇಷ್ಟ ಇರ್ಲಿಲ್ಲ ಅಂತ ನಂಗೆ ಗೊತ್ತೇ ಆಗ್ಲಿಲ್ಲ ಕಣ್ಲಾ. ಇಷ್ಟು ವರ್ಷ. ಅದುಕ್ಕೇ ಗುಡ್ಸೋದು ಬುಟ್ಟೆ.”

ತಪ್ಪು ಮಾಡಿದವನು ನಾನು, ತಿದ್ದಿಕೊಂಡವರು ಅವರು! ಮೊಳೆಯಿಂದ ಪೊರಕೆ ತೆಗೆದು ಅವರ ಕೈಗೆ ಕೊಟ್ಟೆ. ಬೀದಿಗೆ ಮುಖ ಮಾಡಿ ನಿಂತೆ. ಬೀದಿಯ ತುಂಬ ಜನ. ಇರಲಿ.

ಎಡ ಹೆಗಲು. ಬಲ ಹೆಗಲು. ನಡುಬೆನ್ನು. ಹಿಟ್ಟು ಎದ್ದಿತು. ಅವರು ಎಂದಿಗಿಂತ ಮೆಲ್ಲಗೆ ಗುಡಿಸಿದರು.

ಗುಡಿಸಿ ಮುಗಿಸಿದ ಮೇಲೆ ಪೊರಕೆಯನ್ನು ಮೊಳೆಗೆ ಹಾಕಲಿಲ್ಲ. ನನ್ನ ಕೈಗಿಟ್ಟರು. ಮಿಲಿಟರಿ ಬಿಟ್ಟು ಬಂದ ಮೇಲೆ ಅವರ ಬೆನ್ನನ್ನು ಯಾರಾದರೂ ಗುಡಿಸಿದ್ದರೋ ಇಲ್ಲವೋ ಎಂದು ಅಲ್ಲಿಯವರೆಗೆ ನಾನು ಒಮ್ಮೆಯೂ ಯೋಚಿಸಿರಲಿಲ್ಲ.

“ಪೀಛೇ ಮುಡ್ ಅನ್ನೋಕೆ ಬಾಯಿಲ್ವೇನ್ಲಾ?” ಎಂದರು.

ನಾನು ಹೇಳುವುದಕ್ಕೂ ಕಾಯದೆ ಅವರೇ ತಿರುಗಿ ನಿಂತರು. ಒಗೆದು ಇಸ್ತ್ರಿ ಮಾಡಿದ ಅಂಗಿ. ಬೆನ್ನ ಮೇಲೆ ಒಂದು ಕೂದಲೂ ಇರಲಿಲ್ಲ, ಒಂದು ಚೂರು ಧೂಳೂ ಇರಲಿಲ್ಲ.

ಚೆನ್ನಾಗಿ ಗುಡಿಸಿದೆ.